ಸುಟ್ಟು ಮೂಸುವ ಕೆಲಸ

ನನಗೆ ವಾಸನೆ ಬರುವುದು ನಿಂತು ಎರಡು ವರ್ಷವಾಯಿತು. ಮೂಗೇನೋ ಮುಖದ ಮೇಲೆ ಗಟ್ಟಿಮುಟ್ಟಾಗಿದೆ, ಕೆಲಸ ಮಾತ್ರ ಮಾಡುವುದಿಲ್ಲ. ಗಂಡನಿಗೂ ಹೇಳಿಲ್ಲ. ಬಾಯಿ ಬಿಟ್ಟರೆ ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಂಡಂತೆ.

ಪ್ಲಾಸ್ಟಿಕ್ ಗುಜರಿ ಶೆಡ್ಡಿನಲ್ಲಿ ಮಾಲು ವಿಂಗಡಿಸುವವಳು ನಾನು. ಒಡೆದ ಬಕೆಟ್ಟು, ಕ್ಯಾನು, ಪೈಪು ಎಲ್ಲ ಚೂರಾಗಿ ನಮ್ಮ ಮುಂದೆ ಬೀಳುತ್ತವೆ. ಗುರುತು ಹತ್ತದ ಚೂರಿನ ತುದಿಗೆ ಬೆಂಕಿ ತಾಗಿಸಿ, ಊದಿ ಆರಿಸಿ, ಹೊಗೆ ಮೂಸಬೇಕು. ಮೇಣದಬತ್ತಿಯ ವಾಸನೆ ಬಂದರೆ ಬಲಗಡೆಯ ರಾಶಿಗೆ. ಅದನ್ನು ಕರಗಿಸಿ, ಎಳೆ ತೆಗೆದು, ಕಾಳು ಕಾಳಾಗಿ ಕತ್ತರಿಸಿ ಮಕ್ಕಳ ಊಟದ ಡಬ್ಬಿ ಮಾಡುತ್ತಾರೆ. ಕೆಟ್ಟ ಘಾಟು ಬಂದರೆ ಎಡಗಡೆ, ಅದು ಚರಂಡಿ ಪೈಪಿಗೆ.

ಎದುರಿಗೆ ಕೂರುವವಳು ನನ್ನ ವಾರಗಿತ್ತಿ. ಕೆಲಸಕ್ಕೆ ಸೇರಿಸಿದ್ದೂ ನಾನೇ. ನಾನು ಚೂರು ಸುಟ್ಟಾಗಲೆಲ್ಲ ಅವಳು ಕೈಕೆಲಸ ಬಿಟ್ಟು ನನ್ನ ಮುಖವನ್ನೇ ನೋಡುತ್ತಾಳೆ. ಏನು ಹುಡುಕುತ್ತಾಳೆ? ನನ್ನ ಗುಟ್ಟು ಹಿಡಿದು, ಶೆಡ್ಡಿನ ಯಜಮಾನರ ಕಿವಿ ಕಚ್ಚಿ, ನನ್ನ ಜಾಗದಲ್ಲಿ ಕೂರಬೇಕು ಅಂತಲೇ ಇರಬೇಕು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನಿ, ಬೇಡವೆನ್ನುವುದಿಲ್ಲ. ಆದರೆ ಅವಳು ನೋಡುವುದಂತೂ ಸುಳ್ಳಲ್ಲ.

ನಾನೇನು ಕಡಿಮೆಯೇ? "ನೀನೂ ಸ್ವಲ್ಪ ಮೂಸು, ಕಲಿತ್ಕೋ" ಎಂದು ಚೂರನ್ನು ಅವಳ ಮೂಗಿಗೆ ಹಿಡಿಯುತ್ತಿದ್ದೆ. ಅವಳು ಮುಖ ಸಿಂಡರಿಸಿದರೆ ಎಡಕ್ಕೆ, ಸುಮ್ಮನಿದ್ದರೆ ಬಲಕ್ಕೆ. ಅವಳು ಹೆಚ್ಚಾಗಿ ಸುಮ್ಮನೇ ಇರುತ್ತಿದ್ದಳು. ಮಾಲು ಒಳ್ಳೆಯದೇ ಬರುತ್ತಿದೆ ಎಂದುಕೊಂಡಿದ್ದೆ.

ಮೊನ್ನೆ ಮಧ್ಯಾಹ್ನ ಬಲಗಡೆಯ ಮೂಟೆ ತುಂಬಿಸಿಕೊಳ್ಳಲು ಹೊಸ ಲಾರಿ ಡ್ರೈವರ್ ಒಳಗೆ ಬಂದ. ನನ್ನ ಕೈಯಲ್ಲಿ ಚೂರು ಹೊಗೆಯಾಡುತ್ತಿತ್ತು. ಅವನು ಕೆಮ್ಮುತ್ತ ಅಂಗಿ ಎತ್ತಿ ಮೂಗು ಮುಚ್ಚಿಕೊಂಡ.

"ಏನ್ರಮ್ಮಾ ಈ ಕೆಟ್ಟ ನಾತ! ಹೆಂಗ್ ಕೂತಿದೀರ ಇದ್ರಲ್ಲಿ?"

"ಯಾವ ನಾತ?" ಎಂದಳು ವಾರಗಿತ್ತಿ. ಹೇಳುವಾಗಲೂ ನೋಡುತ್ತಿದ್ದದ್ದು ನನ್ನ ಮುಖವನ್ನೇ.

ಡ್ರೈವರ್ ಹೊರಗೆ ಓಡಿದ ಮೇಲೆ ಅವಳ ಕೈ ಹಿಡಿದು ಕೇಳಿದೆ. "ನಿಜ ಹೇಳು. ನಿಂಗೂ ಬರಲ್ವಾ?"

ಅವಳ ಕಣ್ಣು ತುಂಬಿತು. "ಹೋದ ವರ್ಷದಿಂದ ಇಲ್ಲ ಅಕ್ಕಾ. ನಿಮ್ ಮುಖ ನೋಡ್ಕೊಂಡು ನಡೆಸ್ತಿದ್ದೆ. ಹೇಳಿದ್ರೆ ನೀವೇ ಕೆಲ್ಸ ಬಿಡಿಸ್ತೀರಾ ಅಂತ ಭಯ."

ಒಂದು ವರ್ಷ. ಎಷ್ಟು ಡಬ್ಬಿ, ಎಷ್ಟು ಮಕ್ಕಳ ಬಿಸಿ ಅನ್ನ! ನಾಚಿಕೆಯಿಂದ ಕುಗ್ಗಿಹೋದೆ. ಕೆಲಸ ಹೋದರೆ ಹಾಳಾಗಿ ಹೋಗಲಿ ಎಂದು ಅದೇ ಚೂರು ಹಿಡಿದು ಯಜಮಾನರ ಮೇಜಿನ ಮುಂದೆ ನಿಂತೆ.

"ಸಾರ್, ಲಾರಿ ತುಂಬಿಸ್ಬೇಡಿ. ಬಲಗಡೆ ರಾಶಿ ನಂಬೋ ಹಾಗಿಲ್ಲ. ನಮ್ಮಿಬ್ರಿಗೂ ವಾಸನೆ ಬರಲ್ಲ."

ಇಪ್ಪತ್ತು ವರ್ಷದಿಂದ ಅದೇ ಹೊಗೆಯಲ್ಲಿ ಕೂತವರು ಅವರು. ನಕ್ಕರು. "ಏನ್ ತಮಾಷೆ ಇದು? ಕೊಡಿಲ್ಲಿ, ನಾನ್ ನೋಡ್ತೀನಿ."

ಚೂರಿನ ತುದಿಗೆ ಮತ್ತೆ ಬೆಂಕಿ ತಾಗಿಸಿ ಆರಿಸಿದರು. ಹೊರಗೆ ಡ್ರೈವರ್ ಇನ್ನೂ ಕೆಮ್ಮುತ್ತಿದ್ದ. ಯಜಮಾನರು ಹೊಗೆಯನ್ನು ಮೂಗಿನ ಹತ್ತಿರ ಹಿಡಿದು ಉದ್ದಕ್ಕೆ ಉಸಿರೆಳೆದುಕೊಂಡರು. ಆಮೇಲೆ ಮೆಲ್ಲಗೆ ಕಣ್ಣೆತ್ತಿ ನನ್ನ ಮುಖ ನೋಡಿದರು.