ಗಾಡಿಯೊಳಗಿಟ್ಟ ಸೀರೆ

ಮಾಗಿಯ ಚಳಿ ಹಿಂದೆಗೆದು ಹೊಂಗೆ ಎಲೆ ಉದುರುವ ಕಾಲ. ಹೊತ್ತು ಹುಟ್ಟುವುದಕ್ಕೆ ಇನ್ನೂ ಒಂದಿಷ್ಟು ಇರುವಾಗಲೇ ಮೊಸಳೆ ಎಂಬ ಊರಿನ ಹತ್ತಿರದ ಕೇರಿಯಿಂದ ಮೂರು ಮೂಳೆ ಗಾಡಿಗಳು ಹೊರಟವು. ಮುಂದಿನದು ಮುದುಕ ಹುಚ್ಚಯ್ಯನದು, ನಡುವಿನದು ಚಲುವಯ್ಯನದು, ಹಿಂದಿನದು ಮಲ್ಲಿಗಮ್ಮನದು. ಅದನ್ನು ಹೊಡೆಯುತ್ತಿದ್ದ ಅವಳ ಗಂಡ ದ್ಯಾವಯ್ಯ ದೀಪಾವಳಿಯ ಹಿಂದುಮುಂದಿನಲ್ಲಿ ಜ್ವರ ಬಂದು ತೀರಿಕೊಂಡಿದ್ದ. ಅವನು ಸಾಕಿದ್ದ ಬೂದ ಎಂಬ ನಾಯಿ ಗಾಡಿಯ ಅಚ್ಚಿನ ಕೆಳಗೇ ಹೆಜ್ಜೆ ಹಾಕುತ್ತಿತ್ತು. ಸಂಜೆ ಗಾಡಿ ಬಿಟ್ಟ ಮೇಲೆ ಮಲ್ಲಿಗಮ್ಮ ನಾಲ್ಕು ಮಾತಾಡುತ್ತಿದ್ದರೆ ಅದರ ಜೊತೆಗೇ.

ಆಗ ಐವತ್ತೆಂಟೋ ಐವತ್ತೊಂಬತ್ತೋ ಇಸವಿ. ಸತ್ತ ದನದ ಮೂಳೆಯನ್ನು ಹಳ್ಳಿ ಹಳ್ಳಿಯಲ್ಲಿ ಆಯ್ದು ಹಾಸನದ ರೈಲು ಸ್ಟೇಷನ್ ಪಕ್ಕದ ಮಂಡಿಗೆ ಹಾಕುವುದು ಅವರ ಕಸುಬು. ಅದು ಗೊಬ್ಬರಕ್ಕೆ ಹೋಗುತ್ತಿತ್ತು. ಗಾಡಿ ಊರೊಳಗೆ ಬಂತೆಂದರೆ ಜನ ಸೆರಗು, ಟವಲು ಮೂಗಿಗೆ ಒತ್ತಿಕೊಳ್ಳುತ್ತಿದ್ದರು. ಒಂದು ಸಲ ರುದ್ರಪಟ್ಟಣದಲ್ಲಿ ಯಾರೋ ಹಾಡು ಹೇಳುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿ ಕಿಟಕಿ ಹಾಕಿಕೊಂಡಿದ್ದರು. ಮಲ್ಲಿಗಮ್ಮನಿಗೆ ಅದೆಲ್ಲ ರೂಢಿ. ಮೂಳೆಯಿಂದ ಅವಳಿಗೆ ಯಾವತ್ತೂ ಹೇಸಿಗೆಯಾದದ್ದಿಲ್ಲ. ಹೇಸಿಗೆಯಾಗುತ್ತಿದ್ದದ್ದು ಮೈದುನ ಚಲುವಯ್ಯನಿಂದ.

ಅಣ್ಣನ ತಿಥಿ ಮುಗಿದ ದಿನವೇ ಅವನು ಅಣ್ಣನ ರುಮಾಲು ಸುತ್ತಿಕೊಂಡ. ಆಮೇಲೆ ಅಣ್ಣನ ಎಲೆಯಡಿಕೆ ಚೀಲ. ಆಮೇಲೆ ಅಣ್ಣನ ಗಂಗಳ. ಗಾಡಿ ಬಿಟ್ಟ ಕಡೆಯೆಲ್ಲ ಅದರಲ್ಲೇ ಮುದ್ದೆ ಹಾಕಿಸಿಕೊಂಡು, ಉಂಡು, ಬೆರಳನ್ನು ಒಂದೊಂದಾಗಿ ಚೀಪಿ, ಆ ಎಂಜಲು ಕೈಯನ್ನು ಅವಳ ಎತ್ತಿನ ಬೆನ್ನಿಗೆ ಒರೆಸುತ್ತಿದ್ದ. ಹೊಳೆನರಸೀಪುರ ದಾಟುವವರೆಗೆ ‘ಅತ್ಗೆಮ್ಮ’ ಎನ್ನುತ್ತಿದ್ದವನು ದಾಟಿದ ಮೇಲೆ ‘ಮಲ್ಲೀ’ ಅಂದ. ಹಾಗೆ ಕರೆಯುತ್ತಿದ್ದವನು ದ್ಯಾವಯ್ಯ ಒಬ್ಬನೇ. 

“ಮನೇಲಿ ಮುದ್ದಮ್ಮ ಬಸುರಿ. ಕಟ್ಕೊಂಡೋಳು ಮರ್ತೋದ್ಲೇನ್ಲಾ ನಿಂಗೆ?” ಅಂದಳು.

“ಅವ್ಳು ಅಲ್ಲಿರ್ತಾಳೆ, ನೀನು ಗಾಡೀಲಿರ್ತೀಯ. ಎಂಗ್ಸು ಒಬ್ಳೇ ಎತ್ತು ಒಡ್ಕೊಂಡು ತಿರುಗುದ್ರೆ ಜನ ಏನಂದಾರು?”

“ನಮ್ ಗಾಡಿ ಕಂಡ್ರೆ ಮೂಗೂ ಬಾಯೂ ಮುಚ್ಕೊತಾರೆ ಜನ. ಇನ್ನೇನಂದಾರು? ಓಗ್ಲಾ.”

ಮುಂದಿನ ಗಾಡಿಯಿಂದ ಹುಚ್ಚಯ್ಯ ಕೆಮ್ಮಿದ ಹಾಗೆ ನಕ್ಕ.

ಅವರಲ್ಲಿ ಉಡಿಕೆ ಇತ್ತು. ಗಂಡ ಸತ್ತವಳಿಗೆ ಮೈದುನ ಸೀರೆ ಕೊಡಬಹುದು. ಉಟ್ಟಳೆಂದರೆ ಅವಳು ಅವನವಳು. ಎತ್ತು, ಗಾಡಿಯೂ ಅವನವೇ. ಬೇಡವೆಂದು ಕೈಯಲ್ಲಿ ಹಿಡಿದು ವಾಪಸು ಕೊಟ್ಟಳೆಂದರೆ ಸತ್ತವನ ಮನೆತನಕ್ಕೇ ಅವಮಾನ ಮಾಡಿದಳೆಂದು ಗಾಡಿ ಕಿತ್ತುಕೊಂಡು ತವರಿಗೆ ಅಟ್ಟುತ್ತಿದ್ದರು. ಮಲ್ಲಿಗಮ್ಮನಿಗೆ ತವರಿನಲ್ಲಿ ಬಾಗಿಲು ತೆಗೆಯುವವರು ಯಾರೂ ಉಳಿದಿರಲಿಲ್ಲ. ಗಾಡಿ ಹೋದರೆ ಅವಳಿಗೆ ನಿಲ್ಲಲು ನೆಲವೇ ಇಲ್ಲ.

ಹೊರಟ ಕೆಲವು ದಿನದ ಮೇಲೆ ಅರಕಲಗೂಡಿನ ಹೊರಗೆ ಒಂದು ಕೆರೆ ಏರಿಯ ಪಕ್ಕ ಮಧ್ಯಾಹ್ನ ಗಾಡಿ ಬಿಟ್ಟರು. ಎತ್ತುಗಳಿಗೆ ನೀರು ಕುಡಿಸಿಕೊಂಡು ಬಂದು ನೋಡುತ್ತಾಳೆ, ಅವಳ ಗಾಡಿಯೊಳಗೆ, ದ್ಯಾವಯ್ಯನ ಕಂಬಳಿಯ ಮೇಲೆ, ಅರಿಶಿನ ಅಂಚಿನ ಕೆಂಪು ಸೀರೆ. ಮೇಲೆ ಎಲೆಯಡಿಕೆ, ಅರಿಶಿನದ ಕೊಂಬು. ಸೆರಗಿಗೆ ಆಗಲೇ ಚಲುವಯ್ಯನ ಬಾಯಿಯ ಕೆಂಪು ರಸ ಹತ್ತಿತ್ತು. ಅವನು ತನ್ನ ಗಾಡಿಯ ಮೂಕಿಮರದ ಮೇಲೆ ಕೂತು ಸುಣ್ಣದ ಬೆರಳು ನೆಕ್ಕುತ್ತಿದ್ದ.

“ಚನ್ನರಾಯಪಟ್ಟಣದ ಸಂತೇಲಿ ಉಡುಕಿ ತಂದಿವ್ನಿ. ಉಟ್ಕೊ ಮಲ್ಲೀ. ಉಚ್ಚಣ್ಣ ಸಾಕ್ಸಿ.”

“ನನ್ನ ಯಾಕ್ಲಾ ಎಳೀತೀಯ,” ಎಂದು ಹುಚ್ಚಯ್ಯ ಮರದ ಬುಡದಿಂದ ಗೊಣಗಿದ.

ಮಲ್ಲಿಗಮ್ಮ ಸೀರೆಗೆ ಕೈ ಹಚ್ಚಲಿಲ್ಲ. ಬಾರುಕೋಲು ತೆಗೆದುಕೊಂಡು, ಸತ್ತ ಹಾವನ್ನು ಎತ್ತುವ ಹಾಗೆ ಅದನ್ನು ಎತ್ತಿ ಗಾಡಿಯ ಕೆಳಗೆ ಬಿಟ್ಟಳು. ಕೆರೆಯಂಚಿನ ಕೊಳೆತ ಮೀನಿನಲ್ಲಿ ಹೊರಳಾಡಿ ಬಂದಿದ್ದ ಬೂದ ಎರಡು ಸುತ್ತು ತಿರುಗಿ, ಕಾಲಿನಿಂದ ಕೆದರಿ ಮೆತ್ತಗೆ ಮಾಡಿಕೊಂಡು, ಸೀರೆಯ ನಡುವೆ ಮಲಗಿತು.

“ಏಯ್! ಎಂಥಾ ಕೆಲ್ಸ ಮಾಡ್ಬುಟ್ಟೆ!” ಚಲುವಯ್ಯ ಹಾರಿ ಬಂದು ಸೆರಗು ಎಳೆದ. ಬೂದ ತಲೆ ಎತ್ತದೆ ಹಲ್ಲು ಮಾತ್ರ ತೋರಿಸಿತು. ಅವನು ಕೈ ಬಿಟ್ಟ.

“ನಾನು ಉಡ್ನಿಲ್ಲ. ನಿನ್ ಕೈಗೆ ವಾಪಸ್ಸೂ ಕೊಡ್ನಿಲ್ಲ,” ಅಂದಳು ಅವಳು. “ನಿಮ್ಮಣ್ಣನ್ ನಾಯಿ ಮಲ್ಗೈತೆ. ನಿಂಗೆ ಅವನ್ ರುಮಾಲು ಬೇಕಾಗ್ನಿಲ್ವಾ? ಅಂಗೆಯ ಇದ್ಕೂ ಸೀರೆ ಬೇಕಾಯ್ತು.”

“ಉಚ್ಚಣ್ಣ, ನ್ಯಾಯ ಯೋಳು ನೀನು!”

ಹುಚ್ಚಯ್ಯ ಎದ್ದು ಬಂದು ಬಗ್ಗಿ ನೋಡಿದ. ಇಡೀ ಆಯುಸ್ಸು ಮೂಳೆ ಹೊತ್ತ ಮುದುಕ ಟವಲನ್ನು ಮೂಗಿಗೆ ಒತ್ತಿಕೊಂಡ. “ಥೂ! ಇದನ್ನ ಯಾವ್ ಪಂಚಾಯ್ತಿ ಮುಂದೆ ಅರಡ್ತೀಯಪ್ಪಾ? ಉಟ್ಟಿದ್ರೆ ಒಂದು ಮಾತು, ಕೊಟ್ಟಿದ್ರೆ ಒಂದು ಮಾತು. ಎಲ್ಡೂ ಇಲ್ಲ. ಗಾಡಿ ಅವಳ್ದು ಕಣ. ಎತ್ತು ಕಟ್ಟು, ನಡಿ.”

ಚಲುವಯ್ಯ ಅಣ್ಣನ ರುಮಾಲಿನಿಂದಲೇ ಬಾಯಿ ಒರೆಸಿಕೊಂಡು ಉಗಿದ. ಅವಳು ಆ ಕಡೆ ನೋಡಲೂ ಇಲ್ಲ.

ಆ ಎರಡು ಗಾಡಿಗಳು ಹಾಸನದ ಕಡೆಗೆ ಹೊರಟವು. ಅವುಗಳ ಧೂಳು ಅಡಗುವವರೆಗೂ ಕಾದು ಮಲ್ಲಿಗಮ್ಮ ಎತ್ತು ಹೂಡಿದಳು. ಬೂದನನ್ನು ಕರೆದು, ಇನ್ನು ಚಲುವಯ್ಯನ ಗಾಡಿಯ ಹಿಂದೆ ಹೋಗುವುದು ಬೇಡವೆಂದು, ಬಂದ ದಾರಿಯಲ್ಲೇ ಹೊಳೆನರಸೀಪುರದ ಕಡೆಗೆ ಒಬ್ಬಳೇ ಹೊರಟಳು. ಅವತ್ತು ಶುಕ್ರವಾರ, ಮನೆ ಹೆಣ್ಣನ್ನು ಹೊರಗೆ ಕಳಿಸಬಾರದೆನ್ನುವ ದಿನ.