ಪಟ್ಟದ ಹೋರಿ ಕಬ್ಬು ಕಚ್ಚಿದ ಮೇಲೆ

ಚೆಲ್ಲಮ್ಮಾಳ್‌ಗೆ ಮತ್ತೆ ಕೆಂಪು ಕಂಡಾಗ ಮೊದಲು ಹಿಗ್ಗಿದವಳು ಅವಳ ಅತ್ತೆ. ಮದ್ರಾಸ್ ರಾಜ್ಯದ ಹಿಂದಿ ವಿರೋಧಿ ಗಲಾಟೆಯ ಮರುವರ್ಷದ ಮಾತು, ಕಂಬ ಎಂಬ ಊರಲ್ಲಿ ಪೊಂಗಲ್ ಹತ್ತಿರ ಬಂದಿತ್ತು. ಮುದುಕಿ ಕಮಲಮ್ಮಾಳ್ ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿಕೊಂಡು, ಎಮ್ಮೆಗೆ ಹುಲ್ಲು ಹಾಕುತ್ತಿದ್ದ ಮಗ ಪಿಚ್ಚೈ ಎದುರಿಗೆ ಬಂದು ನಿಂತಳು.

"ಏಯ್ ತಂಬಿ, ನಿನ್ನ ಹೆಂಡ್ರು ಮತ್ತೆ ಹೊರಗಾಗವ್ಳೆ. ಮದುರೇಲಿ ಕರೆಂಟು ಇಟ್ಟು ಸುಟ್ಟ ಹೊಟ್ಟೆ ಚಿಗುತ್ಕಂಡದೆ. ಇನ್ನೊಂದು ಕೂಸು ಕಂಡೇ ಸಾಯ್ತೀನಿ ನಾನು."

ಪಿಚ್ಚೈಗೆ ಹಿಗ್ಗಬೇಕೋ ಹೆದರಬೇಕೋ ತಿಳಿಯಲಿಲ್ಲ. ಕೆಲವು ವರ್ಷದ ಹಿಂದೆ ಹೆಂಡತಿಯ ಗರ್ಭಕೋಶದಲ್ಲಿ ಕೆಟ್ಟ ಗಡ್ಡೆ ಎದ್ದು, ಮದುರೆಯ ಆಸ್ಪತ್ರೆಯಲ್ಲಿ ರೇಡಿಯಂ ಇಟ್ಟಿದ್ದರು. ಜನ ಅದನ್ನೇ ಕರೆಂಟು ಅನ್ನುತ್ತಿದ್ದರು. ಗಡ್ಡೆ ಹೋಯಿತು, ತಿಂಗಳ ಮುಟ್ಟೂ ನಿಂತಿತು. ನಿಂತದ್ದರಿಂದ ಚೆಲ್ಲಮ್ಮಾಳ್‌ಗೆ ಒಂದು ಗೌರವವೂ ಬಂತು. ಅಲ್ಲಿನ ಕನ್ನಡದ ಒಕ್ಕಲುಗಳಿಗೆ ದೇವರ ದನವೆಂದು ಒಂದು ಹಿಂಡೇ ಇದೆ. ಅದನ್ನು ನೇಗಿಲಿಗೆ ಕಟ್ಟುವುದಿಲ್ಲ, ಹಾಲು ಮಾರುವುದಿಲ್ಲ. ಹಿಂಡಿನ ದೊರೆಯೇ ಪಟ್ಟದ ಹೋರಿ. ಪೊಂಗಲ್ ಮರುದಿನ ಆ ದನಗಳಿಗೆ ಬೆಲ್ಲದ ಅನ್ನ ಬೇಯಿಸುವ ಕೈ ಮುಟ್ಟು ನಿಂತ ಹೆಂಗಸಿನದೇ ಆಗಬೇಕು. ಆ ಕೈ ಈಗ ಚೆಲ್ಲಮ್ಮಾಳ್‌ದು.

ಅದೇ ಚೆಲ್ಲಮ್ಮಾಳ್ ಚಾಪೆ ಚೊಂಬು ಹಿಡಿದು ಬೀದಿ ತುದಿಯ ಮುಟ್ಟಿನ ಗುಡಿಸಲಿಗೆ ನಡೆದಳು. ಬೇರೆ ಹೆಂಗಸರು ನಾಲ್ಕನೇ ದಿನ ಮಿಂದು ಮನೆಗೆ ಬಂದರು. ಇವಳು ಬರಲಿಲ್ಲ. ಕೆಂಪು ನಿಂತರೆ ತಾನೇ ಬರುವುದು! ಪಿಚ್ಚೈ ಗಂಡಸರು ದಾಟಬಾರದ ಬೇವಿನ ಮರದ ಈಚೆ ನಿಂತು, ಊರಿಗೆಲ್ಲ ಕೇಳುವಂತೆ ಗುಟ್ಟು ಮಾತಾಡಬೇಕಾಯಿತು.

ಗಂಡನನ್ನು ಮಾಮಾ ಎಂದೇ ಕರೆಯುವ ಚೆಲ್ಲಮ್ಮಾಳ್ ಗುಡಿಸಲಿಂದ ಕೂಗಿದಳು: "ಮಾಮಾ, ಇದು ಅದಲ್ಲ. ಉಚ್ಚೇಲಿ ಬರ್ತದೆ. ಮೆಣಸಿನಕಾಯಿ ಅರೆದು ತುಂಬ್ದಂಗೆ ಉರೀತದೆ. ಹೆಂಗಸಿಗೆ ಗೊತ್ತಾಗಲ್ವಾ?"

"ಅವ್ವನ ಹತ್ರ ಹೇಳ್ದ್ಯಾ?"

"ಹೇಳ್ದೆ. ಯಾವ ಬಾಗಿಲಲ್ಲಿ ಬಂದ್ರೇನಮ್ಮಾ, ಕೆಂಪು ಕೆಂಪೇ ಅಂದ್ರು."

ಪಿಚ್ಚೈ ಅವಳನ್ನು ದಿಂಡಿಗಲ್ಲಿಗೆ ಕರೆದೊಯ್ದ. ಅಲ್ಲಿನ ಡಾಕ್ಟರಮ್ಮ ಒಳಗೆ ಕೊಳವೆ ಇಟ್ಟು ನೋಡಿದಳು. ಗಡ್ಡೆ ಮತ್ತೆ ಬಂದಿರಲಿಲ್ಲ. ಗಡ್ಡೆಯನ್ನು ಸುಟ್ಟ ರೇಡಿಯಂ ಪಕ್ಕದ ಮೂತ್ರದ ಚೀಲವನ್ನೂ ಸುಟ್ಟಿತ್ತು. ವರ್ಷ ಕಳೆದಂತೆ ಸಣ್ಣ ರಕ್ತನಾಳಗಳು ಮುಚ್ಚಿ, ಮಾಂಸ ಉಸಿರಿಲ್ಲದೆ ಸಾಯುತ್ತಿತ್ತು, ಅಲ್ಲಿಂದ ರಕ್ತ.

"ಅದಕ್ಕೆ ಉಸಿರು ಕೊಡಕ್ಕಾಗಲ್ವಾ ಅಮ್ಮಾ?" ಎಂದ ಪಿಚ್ಚೈ.

ಡಾಕ್ಟರಮ್ಮ, ಸಮುದ್ರದಾಚೆಯ ಸೀಮೆಯಲ್ಲಿ ದೊಡ್ಡ ಕಬ್ಬಿಣದ ಪೀಪಾಯಿಯೊಳಗೆ ಆಳನ್ನು ಮಲಗಿಸಿ, ಬಾಗಿಲು ಬಿಗಿದು, ಆಮ್ಲಜನಕವನ್ನು ಒತ್ತಿ ತುಂಬುತ್ತಾರೆಂದು ಓದಿದ್ದೇನೆ ಅಂದಳು. ಈ ರೋಗಕ್ಕೆ ಯಾರಾದರೂ ಮಾಡಿ ನೋಡಿದರೋ ಇಲ್ಲವೋ ಗೊತ್ತಿಲ್ಲ ಅಂದಳು.

"ಮದುರೇಲಿ ಅದು ಇಲ್ವಾ?"

"ಮದುರೇಲೂ ಇಲ್ಲ, ನಾನು ಕೇಳಿದ ಮಟ್ಟಿಗೆ ಮದ್ರಾಸಲ್ಲೂ ಇಲ್ಲಪ್ಪಾ. ನೀರು ಕುಡೀಲಿ, ಮಲಗಲಿ. ಉಚ್ಚೆ ಕಟ್ಟಿಕೊಂಡ್ರೆ ಓಡಿ ಬನ್ನಿ."

ಇದು ಮುಟ್ಟಲ್ಲ ಎಂಬ ಒಂದು ಮಾತನ್ನಷ್ಟೇ ಪಿಚ್ಚೈ ಮಡಿಲಲ್ಲಿ ಕಟ್ಟಿಕೊಂಡು ಊರಿಗೆ ತಂದ. ನೇರವಾಗಿ ದೇವರ ದನದ ಹೊಣೆ ಹೊತ್ತ ಹಿರಿಯ ಅಯ್ಯಾವು ಬಳಿ ಹೋದ.

"ಡಾಕ್ಟರಮ್ಮ ಒಳಗೆ ಇಣುಕಿ ನೋಡಿದ್ಲಾ?"

"ನೋಡಿದ್ರು ದೊಡ್ಡಯ್ಯಾ."

"ನಾವು ಇಣುಕಕ್ಕಾಯ್ತದೇನ್ಲಾ? ಹೋರೀನೇ ಕೇಳಾನ."

ಹಳೆಯ ಪಟ್ಟದ ಹೋರಿ ಸತ್ತರೆ ಹಿಂಡಿನ ಮುಂದೆ ಕಬ್ಬು ಹಾಕುತ್ತಾರೆ. ಮೊದಲು ಬಾಯಿಡುವ ಹೋರಿಯೇ ಹೊಸ ದೊರೆ. ಬಗೆಹರಿಯದ ಮಾತು ಬಂದಾಗಲೂ ಅಯ್ಯಾವು ಎರಡು ಕಂತೆ ಕಬ್ಬು ಹಾಕಿಸುತ್ತಿದ್ದ. ಪಿಚ್ಚೈ ಒಂದು ಗಳಿಗೆ ಯೋಚಿಸಬಹುದಿತ್ತು. ಯೋಚಿಸಲಿಲ್ಲ. ಹೂಂ ಅಂದುಬಿಟ್ಟ.

ಎಡಕ್ಕೆ ಮುಟ್ಟಲ್ಲ ಅನ್ನುವ ಚೆಲ್ಲಮ್ಮಾಳ್ ಕಂತೆ, ಬಲಕ್ಕೆ ಮುಟ್ಟಿನ ಕಂತೆ. ಹೋರಿ ಮೂಗರಳಿಸಿತು, ಬಾಲ ಬೀಸಿತು, ಸೆಗಣಿ ಹಾಕಿತು. ಆಮೇಲೆ ಎಡದ ಕಂತೆಗೆ ಬಾಯಿ ಹಾಕಿ ಕರಕರ ಅಗಿಯಿತು. ಹೆಂಗಸರು ನಾಲಗೆ ಹೊರಳಿಸಿ ಮಂಗಳದ ಕೂಗು ಹಾಕಿದರು. ಕಮಲಮ್ಮಾಳ್ ಮೊಮ್ಮಗುವಿನ ಆಸೆ ಬಿಟ್ಟು ಸೊಸೆಯ ಕೈ ಹಿಡಿದು ಮನೆಗೆ ಕರೆತಂದಳು. ಪಿಚ್ಚೈ ಆ ದಿನ ಎಲ್ಲರೆದುರು ಎದೆಯುಬ್ಬಿಸಿ ನಡೆದ.

ರಕ್ತ ಮಾತ್ರ ಹೋರಿಯ ಮಾತು ಕೇಳಲಿಲ್ಲ.

"ಅವ್ವಾ, ಅವಳಿಗೆ ಇನ್ನೂ ಹೋಗ್ತಾನೇ ಅದೆ. ಮಲಗಲಿ ಬಿಡು."

"ಏನು ಹೋಗ್ತದೆ? ಪಟ್ಟದ ಹೋರಿ ಇಲ್ಲ ಅಂದ ಮೇಲೆ ಎಲ್ಲಿಂದ ಹೋಗ್ತದೆ? ಊರಾಗೆ ಯಾರಾದ್ರೂ ಕೇಳಿಸ್ಕಂಡ್ರೆ ಹೋರಿ ಸುಳ್ಳು ಅಂತಾಯ್ತದೆ, ಇಲ್ಲ ನೀವು ಕಳ್ಳರು ಅಂತಾಯ್ತದೆ. ಬಾಯಿ ಮುಚ್ಚು."

ನೀರು ಹೊರುವುದು, ಭತ್ತ ಕುಟ್ಟುವುದು, ದನದ ಅನ್ನದ ದೊಡ್ಡ ಹಂಡೆ ತಿರುಗಿಸುವುದು, ಎಲ್ಲವೂ ಅವಳ ಪಾಲಿಗೆ ಬಂತು. ರಕ್ತದ ಬಟ್ಟೆಗಳನ್ನು ಪಿಚ್ಚೈ ಹುಲ್ಲಿನ ಹೊರೆಯಲ್ಲಿ ಮುಚ್ಚಿಟ್ಟುಕೊಂಡು ಕಾಲುವೆಗೆ ಹೋಗಿ ತಾನೇ ಒಗೆಯುತ್ತಿದ್ದ. ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಅವಳು ಒಮ್ಮೆ ಅಂದಳು:

"ಗುಡಿಸ್ಲಾಗಾದ್ರೂ ಮಲಗ್ತಿದ್ದೆ ಮಾಮಾ. ನೀವು ಗೆದ್ದು ನನ್ನ ಎಬ್ಬಿಸ್ಬುಟ್ರಿ."

ಪಿಚ್ಚೈ ಒಲೆಗೆ ಸೌದೆ ತಳ್ಳಿದ.

ದನದ ಹಬ್ಬ ಮುಗಿದು ಹೆಚ್ಚು ದಿನವಾಗಿರಲಿಲ್ಲ, ಅವಳಿಗೆ ಉಚ್ಚೆ ಕಟ್ಟಿತು. ರಕ್ತದ ಹೆಪ್ಪು ದಾರಿಗೆ ಅಡ್ಡ ಕೂತು, ಕೆಳಹೊಟ್ಟೆ ತಮಟೆಯಂತೆ ಬಿಗಿದಿತ್ತು. ಆಸ್ಪತ್ರೆ ಎಂದರೆ ಊರು ಏಕೆ ಎಂದು ಕೇಳುತ್ತದೆ. ಹಾಗಾಗಿ ಪಿಚ್ಚೈ, ದಿಂಡಿಗಲ್ಲಿನ ಪಕ್ಕದ ನೇಕಾರರ ಊರು ಚಿನ್ನಾಳಪಟ್ಟಿಗೆ ಸೀರೆ ತರಲು ಹೋಗುತ್ತೇವೆ ಎಂದು ಸಾರಿದ.

"ಹೆಂಡ್ರ ಮೇಲೆ ಏನು ಪಿರೀತಿ ಇವ್ನಿಗೆ!" ಎಂದು ಬಸ್ಸಿನ ಬಳಿ ಅಯ್ಯಾವು ನಕ್ಕ. "ಎಲ್ಲಾ ಹೋರಿ ದಯ ಕಣ್ಲಾ."

ಚೆಲ್ಲಮ್ಮಾಳ್ ಕೂಡ ನಗಬೇಕಾಯಿತು. ಗುರುತಿನವರೆಲ್ಲ ಇಳಿಯುವ ಚಿನ್ನಮನೂರು ದಾಟುವವರೆಗೂ ಅವಳು ಸೆರಗಿನ ತುದಿ ಕಚ್ಚಿಕೊಂಡೇ ಇದ್ದಳು. ಗುಂಡಿ ಬಂದಾಗಲೆಲ್ಲ ಪಿಚ್ಚೈ ಡ್ರೈವರನ ತಾಯಿಯನ್ನು ಬೈದ.

ಡಾಕ್ಟರಮ್ಮ ಕೊಳವೆ ಹಾಕಿ, ಹೆಪ್ಪುಗಳನ್ನು ನೀರಲ್ಲಿ ತೊಳೆದು ಹೊರತೆಗೆದಳು. ಉಚ್ಚೆ ತಿಳಿಯಾಗುವ ತನಕ ಅಲ್ಲೇ ಮಲಗಿಸಿಕೊಂಡು ಕಳಿಸಿದಳು.

"ಮತ್ತೆ ಕಟ್ತದಾ ಅಮ್ಮಾ?"

"ಕಟ್ಟಬೋದು."

"ಆ ಪೀಪಾಯಿ..."

ಡಾಕ್ಟರಮ್ಮ ಕೈ ತೊಳೆಯುತ್ತಲೇ ಇದ್ದಳು.

ಸೀರೆಯಿಲ್ಲದೆ ಊರಿಗೆ ಹೋಗುವಂತಿರಲಿಲ್ಲ. ಚಿನ್ನಾಳಪಟ್ಟಿಯ ನೇಕಾರ ಅಂಗಳದಲ್ಲಿ ಗಿಳಿಹಸಿರು, ಅರಿಶಿನ, ಆಕಾಶನೀಲಿ ಎಲ್ಲ ಹರವಿದ. ಚೆಲ್ಲಮ್ಮಾಳ್ ಗೋಡೆಗೆ ಒರಗಿ ಕೂತು, ಮೂಲೆಯಲ್ಲಿದ್ದ ಅರಗಿನ ಬಣ್ಣದ ಸೀರೆಯತ್ತ ಬೆರಳು ತೋರಿದಳು. ಕಪ್ಪಿಗೆ ತಿರುಗಿದ ಕೆಂಪು.

"ಅರಿಶಿನದ್ದು ತಗಾ ಚೆಲ್ಲಾ, ನಿನಗೆ ಒಪ್ತದೆ."

"ಬ್ಯಾಡ ಮಾಮಾ. ಇದ್ರಾಗೆ ಕಲೆಯಾದ್ರೂ ಗೊತ್ತಾಗಲ್ಲ. ಹೋರಿ ಸುಳ್ಳಾಗಲ್ಲ."

ಪಿಚ್ಚೈ ಆ ಸೀರೆಯನ್ನು ಮಡಿಲಿಗೆ ಹಾಕಿಕೊಂಡು ನೇಕಾರನ ಕಡೆ ತಿರುಗಿ, ಅದೇ ಬಣ್ಣದ್ದು ಇನ್ನೊಂದು ಇದೆಯಾ ಎಂದು ಕೇಳಿದ.