ಕಾಡಿಗೆ ಹಾಕಿದ ಬೀಗ

ಪೆಕಿ ಹಣ್ಣು ಆರಿಸಲು ಕಣಿವೆಗೆ ಇಳಿಯುತ್ತಿದ್ದ ಜೋವಿನಾಳ ಲಂಗ ಮುಳ್ಳುತಂತಿಗೆ ಸಿಕ್ಕಿ ಪರ್ರೆಂದು ಹರಿಯಿತು. ನಿನ್ನೆ ಇಲ್ಲಿ ತಂತಿ ಇರಲಿಲ್ಲ. ಗೇಟಿಗೆ ಬೀಗ, ಪಕ್ಕದಲ್ಲೇ ಹಸಿರು ಫಲಕ: ‘ಸಂರಕ್ಷಿತ ಸೆರಾಡೊ ಕಾಡು. ಪ್ರಕೃತಿಯನ್ನು ಪ್ರೀತಿಸಿ. ಒಳಗೆ ಬಂದರೆ ಜೈಲು.’

“ಇದ್ಯಾವ ಸೀಮೆ ಪ್ರೀತಿ!” ಎಂದು ಅವಳು ಉಗಿದಳು.

ಮೋಟಾರ್ ಸೈಕಲ್ಲಿನಲ್ಲಿ ಅವಳ ತಂಗಿಯ ಮಗ ವಾಲ್ದೆಸಿ ಬಂದ. ಕಾವಲುಗಾರನ ಹೊಸ ಸಮವಸ್ತ್ರ, ಹೆಗಲಲ್ಲಿ ಕೋವಿ.

“ಒಳಗೆ ಹೋಗ್ಬೇಡ ದೊಡ್ಡಮ್ಮ. ಇದು ಈಗ ಅರಿಸ್ಟೆಯು ಸಾಹೇಬ್ರ ಕಾಡು.”

“ಯಾರ ಕಾಡು?”

“ಸಾಹೇಬ್ರದ್ದು.”

ಜೋವಿನಾಳಿಗೆ ನಗು ತಡೆಯಲಾಗಲಿಲ್ಲ. ಎರಡು ಬುಲ್ಡೋಜರುಗಳ ನಡುವೆ ಹಡಗಿನ ಸರಪಳಿ ಕಟ್ಟಿ ಎಳೆಸಿ, ಮೇಲಿನ ಬಯಲನ್ನೆಲ್ಲ ನುಣ್ಣಗೆ ಬೋಳಿಸಿದ ಮಹಾನುಭಾವನೇ ಅರಿಸ್ಟೆಯು. ಇರುವೆಬಾಕನಿಗೂ ಅಲ್ಲಿ ನೆರಳಿಲ್ಲ. ಕಣ್ಣು ಹಾಯುವಷ್ಟೂ ಸೋಯಾ. ಜಮೀನಿನಲ್ಲಿ ಒಂದು ಪಾಲು ಕಾಡು ಬಿಡಬೇಕೆಂದು ಕಾನೂನು ನೆನಪಿಸಿದಾಗ, ಜೋವಿನಾಳ ಅಜ್ಜ ಮುತ್ತಜ್ಜಂದಿರು ಕೊಡಲಿ ತಾಗಿಸದೆ ಉಳಿಸಿದ್ದ ಕಣಿವೆಯನ್ನು ತಾನು ಬಿಟ್ಟ ಪಾಲೆಂದು ಬರೆಸಿಕೊಂಡಿದ್ದ. ತನ್ನ ತಲೆ ಬೋಳಿಸಿಕೊಂಡು, ಪಕ್ಕದವರ ಜಡೆ ಹಿಡಿದು, ‘ನೋಡಿ ನನ್ನ ಕೂದಲು’ ಎಂದಂತೆ.

“ನಾವು ಹಣ್ಣು ಆರಿಸಿದ್ರೆ ಕಾಡು ಹಾಳಾಗುತ್ತಂತಾ?”

“ಹಾಗೇ ಹೇಳ್ತಾರೆ. ನಂಗೂ ಹೊಟ್ಟೆ ಇದೆ ದೊಡ್ಡಮ್ಮ.”

“ಇರ್ಲಪ್ಪ. ನಮ್ಗೆ ಮಾತ್ರ ದೇವ್ರು ಹೊಟ್ಟೆ ಕೊಡೋದು ಮರೆತ.”

ಶನಿವಾರ ರಾಜಧಾನಿಯಿಂದ ಪರಿಸರ ಅಧಿಕಾರಿ ಎವಿಲಾಸಿಯೊ ಬಂದ. ಬೇಲಿಯ ಮುಂದೆ ಶಾಮಿಯಾನ ಎದ್ದಿತು, ದನದ ಮಾಂಸ ಸುಡುವ ಹೊಗೆ ಎದ್ದಿತು. ಅರಿಸ್ಟೆಯುವಿಗೆ ಹಸಿರು ಪ್ರಶಸ್ತಿ. ಚಪ್ಪಾಳೆ ಹೊಡೆಯಲು ಊರಿನವರನ್ನೂ ಕರೆದಿದ್ದರು. ಯಾರೂ ಬರಲಿಲ್ಲ.

ಎಲ್ಲರೂ ಮೇಲಿನ ಬಯಲಿನಲ್ಲಿದ್ದರು. ಹೆಂಗಸರು, ಮುದುಕರು, ಬಸುರಿಯರು ಸಾಲಾಗಿ ಬಾಗಿ ಅರಿಸ್ಟೆಯುವಿನ ಸೋಯಾ ಹೊಲದಲ್ಲಿ ಪೆಕಿ, ಬಾರು, ಕಾಡು ಗೇರು ಮರಗಳ ಬೀಜ ಊರುತ್ತಿದ್ದರು.

ಸುದ್ದಿ ತಿಳಿದು ಅಧಿಕಾರಿಯೂ ಸಾಹೇಬನೂ ಮಾಂಸದ ತಟ್ಟೆ ಬಿಟ್ಟು ಏದುಸಿರಿನಲ್ಲಿ ಹತ್ತಿ ಬಂದರು. ಹಿಂದೆಯೇ ಪೊಲೀಸ್ ಲಾರಿ.

“ಏನಮ್ಮಾ ಇದು?” ಎಂದ ಅಧಿಕಾರಿ.

“ಕಾಡು ಬೆಳೆಸ್ತಿದ್ದೀವಿ ಸಾಹೇಬ್ರೆ. ಎಲ್ಲಿ ಚಪ್ಪಾಳೆ?” ಎಂದಳು ಜೋವಿನಾ, ಸೊಂಟ ನೆಟ್ಟಗೆ ಮಾಡುತ್ತ.

“ನನ್ನ ಸೋಯಾ!” ಅರಿಸ್ಟೆಯು ಕಿರುಚಿದ. “ಹಾಳು ಮಾಡ್ತಿದ್ದಾರೆ, ಹಿಡೀರಿ!”

“ಬೇರೆಯವರ ಜಮೀನಲ್ಲಿ ಗಿಡ ಬೆಳೆಸೋದು ಅಪರಾಧ ಕಣಮ್ಮ,” ಎಂದ ಅಧಿಕಾರಿ. ಅವನ ಅಂಗಿಯ ಮೇಲೆ ಹಸಿರೆಲೆಯ ಬಿಲ್ಲೆ ಇತ್ತು.

“ಕಡಿದೋರಿಗೆ ಪ್ರಶಸ್ತಿ, ನೆಟ್ಟೋರಿಗೆ ಕೋಳ. ಓದಿದೋರ ಲೆಕ್ಕ ನಮ್ಗೆಲ್ಲಿ ಅರ್ಥವಾಗ್ಬೇಕು!”

ಪೊಲೀಸರು ಜೋವಿನಾಳನ್ನು ಲಾರಿಗೆ ಹತ್ತಿಸಿದರು. ಅವಳ ಬೆನ್ನಿಗೇ ನೆರೆಮನೆಯ ಇರಾಸೆಮಾ ಹತ್ತಿದಳು.

“ನಿನ್ನನ್ಯಾರು ಕರೆದ್ರು? ಇಳಿ!” ಎಂದ ಪೊಲೀಸಿನವನು.

“ನಾನೂ ನೆಟ್ಟಿದ್ದೀನಪ್ಪ. ಅವಳಿಗಿಂತ ಜಾಸ್ತೀನೇ.”

“ನಾನೂ,” “ನಾನೂ” ಎನ್ನುತ್ತ ಇಡೀ ಊರು ಹತ್ತಿತು. ಮುದುಕರನ್ನು ಮೇಲೆತ್ತಲು ಪೊಲೀಸರೇ ಕೈ ಕೊಡಬೇಕಾಯಿತು. ಕೊನೆಗೆ ವಾಲ್ದೆಸಿ ಬಂದ. ಕೋವಿಯನ್ನು ಅರಿಸ್ಟೆಯುವಿನ ಕೈಗಿತ್ತು, “ಸ್ವಲ್ಪ ಹಿಡ್ಕೊಳ್ಳಿ ಸಾಹೇಬ್ರೆ,” ಎಂದು ಲಾರಿಯ ಹಿಂಬದಿಗೆ ಜೋತುಬಿದ್ದ.

ಕೂರಲು ಜಾಗವಿಲ್ಲದೆ ಪೊಲೀಸರು ಧೂಳಿನಲ್ಲಿ ನಡೆದು ಹೊರಟರು. ಮುಂದೆ ತೆವಳುತ್ತಿದ್ದ ಲಾರಿಯ ಎರಡೂ ಬದಿಯಿಂದ ಕೈಗಳು ಹೊರಚಾಚಿದವು. ಸಾಹೇಬನ ಹೊಲದುದ್ದಕ್ಕೂ ಬೀಜಗಳು ಬೀಳುತ್ತಲೇ ಇದ್ದವು.